ನೆಕ್‌ಬ್ಯಾಂಡ್, ಬಡ್ಸ್, ವೈರ್: ಮೂರನ್ನೂ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ನೆಕ್‌ಬ್ಯಾಂಡ್‌ಗೆ. ವೈರ್ ಇಯರ್‌ಫೋನ್, ಕುತ್ತಿಗೆಗೆ ಹಾಕಿಕೊಳ್ಳುವ ಬ್ಲೂಟೂತ್ ನೆಕ್‌ಬ್ಯಾಂಡ್, ವೈರೇ ಇಲ್ಲದ ಇಯರ್‌ಬಡ್ಸ್ ಮೂರನ್ನೂ ದುಡ್ಡು ಕೊಟ್ಟು ತಗೊಂಡು ಬಳಸಿದ್ದೇನೆ. ಈಗ ಬಡ್ಸ್ ಡ್ರಾಯರ್ ಸೇರಿದೆ, ನೆಕ್‌ಬ್ಯಾಂಡ್ ಕುತ್ತಿಗೆಯಲ್ಲಿದೆ. ಆಫೀಸಿನ ಹುಡುಗರು ‘ಏನ್ ಸಾರ್, ಡೆಲಿವರಿಗೆ ಹೊರಟ್ರಾ’ ಅಂತ ರೇಗಿಸುತ್ತಾರೆ. ರೇಗಿಸಲಿ. ಬೆಳಗಿನಿಂದ ರಾತ್ರಿವರೆಗೆ ಫೋನಲ್ಲೇ ಮಾತಾಡಿ ಹೊಟ್ಟೆ ಹೊರೆಯುವವರು ಅದನ್ನೇ ಹಾಕಿಕೊಳ್ಳುತ್ತಾರೆ ಅಂದ್ರೆ ಏನೋ ಕಾರಣ ಇರಲೇಬೇಕಲ್ವಾ?

ನನ್ನ ಬಳಕೆ ಇಷ್ಟು. ದಾಸರಹಳ್ಳಿಯಿಂದ ಜಯನಗರಕ್ಕೆ ಮೆಟ್ರೋ, ದಾರಿಯಲ್ಲಿ ಹಾಡು. ಆಫೀಸಿನಲ್ಲಿ ಕಾಲ್‌ಗಳು. ರಾತ್ರಿ ಅಮ್ಮನ ಜೊತೆ ಮಾತು. ರಜೆ ಸಿಕ್ಕರೆ ಹಾಸನದ ಬಸ್ಸು. ಹೈಕೋರ್ಟ್ ಆದೇಶದ ಮೇಲೆ 2021ರಿಂದ ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಮೊಬೈಲಲ್ಲಿ ಜೋರಾಗಿ ಹಾಡು ಹಾಕುವಂತಿಲ್ಲ. ಪಾಲಿಸುವವರು ಎಷ್ಟು ಜನ ಅಂತ ಕೇಳಬೇಡಿ. ಪಕ್ಕದವರ ರೀಲ್ಸ್ ಕೇಳದಿರಲಿ ಅಂತಾದರೂ ಕಿವಿಗೆ ಏನಾದ್ರೂ ಬೇಕು. ಬಜೆಟ್ ಒಂದೂವರೆ ಸಾವಿರದ ಒಳಗೆ.

ಕೊಟ್ಟ ದುಡ್ಡಿಗೆ ಒಳ್ಳೆಯ ಶಬ್ದ ಬೇಕು ಅಂದ್ರೆ ವೈರೇ. ಅದರಲ್ಲಿ ಅನುಮಾನ ಇಲ್ಲ. ಆದರೆ 2016ರಲ್ಲಿ ಐಫೋನ್ 7 ಬಂದಾಗ ಅದರಲ್ಲಿ ಇಯರ್‌ಫೋನ್ ಸಿಕ್ಕಿಸುವ ಜ್ಯಾಕ್ ಇರಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ಉಳಿದ ಕಂಪನಿಗಳೂ ತೆಗೆದರು. ನನ್ನ ಫೋನಿನಲ್ಲೂ ಇಲ್ಲ, ಟೈಪ್-ಸಿ ಕನೆಕ್ಟರ್ ಹಾಕಬೇಕು. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ರಾಶಿ ಹಾಕಿ ಮಾರುವ ಅಗ್ಗದ ಕನೆಕ್ಟರ್ ಹಲವು ಫೋನ್‌ಗಳಲ್ಲಿ ಸದ್ದೇ ಮಾಡುವುದಿಲ್ಲ. ಅದರೊಳಗೆ ಬರೀ ವೈರ್ ಇರುತ್ತದೆ. ಡಿಜಿಟಲ್ ಸಿಗ್ನಲನ್ನು ಶಬ್ದಕ್ಕೆ ತಿರುಗಿಸುವ ಚಿಪ್, ಅಂದ್ರೆ ಡ್ಯಾಕ್, ಇರುವುದಿಲ್ಲ. ಡ್ಯಾಕ್ ಇರೋದೇ ಕೊಡಿ ಅಂತ ಕೇಳಿ ತಗೊಳ್ಳಿ. ಅದನ್ನು ಸಿಕ್ಕಿಸಿದರೆ ಚಾರ್ಜಿಗೆ ಜಾಗ ಇಲ್ಲ, ಅದು ಬೇರೆ ಮಾತು.

ಇನ್ನು ಬಡ್ಸ್. ನೋಡಲು ಚಂದ, ಹಗುರ, ಮೆಟ್ರೋ ಗದ್ದಲವನ್ನೂ ಸುಮಾರಾಗಿ ತಡೆಯುತ್ತದೆ. ನನ್ನ ತಕರಾರು ಶಬ್ದದ್ದಲ್ಲ, ಬಡ್ಸ್ ಇಟ್ಟು ಚಾರ್ಜ್ ಮಾಡುವ ಡಬ್ಬಿಯದ್ದು.

ಡಬ್ಬಿಯ ಗುಳಿಯೊಳಗೆ ಪುಟ್ಟ ಸ್ಪ್ರಿಂಗ್ ಪಿನ್ನುಗಳಿರುತ್ತವೆ. ಬಡ್‌ನ ಮೇಲೆ ಅದಕ್ಕೆ ತಕ್ಕ ಹಾಗೆ ಚಿನ್ನದ ಬಣ್ಣದ ಚುಕ್ಕೆಗಳು. ಎರಡೂ ಮುಟ್ಟಿದರೆ ಮಾತ್ರ ಚಾರ್ಜ್. ನನ್ನ ಬಡ್ಸ್‌ಗೆ ತಾನು ಡಬ್ಬಿಯೊಳಗಿದ್ದೇನೆ ಅಂತ ಗೊತ್ತಾಗುವುದೂ ಆ ಪಿನ್ನಿನಿಂದಲೇ. ಬೆವರು, ಕಿವಿಯ ಗುಗ್ಗೆ ಸೇರಿ ಆ ಚುಕ್ಕೆಗಳ ಮೇಲೆ ಒಂದು ತೆಳು ಪದರ ಕೂರುತ್ತದೆ. ಬೆಳಕಿಗೆ ಓರೆಯಾಗಿ ಹಿಡಿದರೆ ಮಂಕಾಗಿ ಕಾಣುತ್ತದೆ, ಅಷ್ಟೇ. ಅಷ್ಟಕ್ಕೇ ಬಲಗಡೆ ಬಡ್ ಚಾರ್ಜ್ ಆಗುವುದು ನಿಲ್ಲಿಸಿತು.

ಚಾರ್ಜ್ ಆಗದಿದ್ದರೆ ಹೋಗಲಿ ಅನ್ನಬಹುದಿತ್ತು. ಅದು ಆಫ್ ಕೂಡ ಆಗುವುದಿಲ್ಲ. ತಾನಿನ್ನೂ ಹೊರಗೇ ಇದ್ದೇನೆ ಅಂದುಕೊಂಡು ಡಬ್ಬಿಯೊಳಗಿಂದಲೇ ಫೋನಿಗೆ ಕನೆಕ್ಟ್ ಆಗಿ ಕೂರುತ್ತದೆ. ರಾತ್ರಿ ಅಮ್ಮ ಫೋನ್ ಮಾಡುತ್ತಾರೆ. ಎತ್ತಿ ಕಿವಿಗಿಟ್ಟುಕೊಂಡು ಹಲೋ ಹಲೋ ಅಂತೀನಿ. ಆ ಕಡೆ ಉಸಿರಿಲ್ಲ. ಅಮ್ಮನ ಮಾತೆಲ್ಲ ಬ್ಯಾಗಿನೊಳಗಿನ ಡಬ್ಬಿಗೆ ಹೋಗುತ್ತಿದೆ! ಸ್ಕ್ರೀನಿನಲ್ಲಿ ಆಡಿಯೋ ಬಟನ್ ಹುಡುಕಿ, ಬ್ಲೂಟೂತ್ ಬಿಟ್ಟು ಫೋನಿಗೆ ಬದಲಿಸುವಷ್ಟರಲ್ಲಿ ಅವರು ಕಟ್ ಮಾಡಿರುತ್ತಾರೆ. ‘ನಿನ್ ಫೋನ್ ಸರಿ ಇಲ್ಲ ಕಣೋ, ಬದಲಾಯ್ಸು’ ಅಂತ ಅವರ ವರಾತ ಶುರುವಾಯಿತು.

ಸರ್ವಿಸ್ ಸೆಂಟರಿನವರು ರೀಸೆಟ್ ಮಾಡಿ ಕೈಗಿಟ್ಟರು. ಅದರಿಂದ ಏನೂ ಆಗಲಿಲ್ಲ. ಮನೆಯಲ್ಲಿ ಹತ್ತಿಗೆ ಸ್ವಲ್ಪ ಸ್ಪಿರಿಟ್ ಹಚ್ಚಿ ಚುಕ್ಕೆ, ಪಿನ್ನು ಎರಡನ್ನೂ ಒರೆಸಿದೆ. ಸರಿಹೋಯಿತು. ಕೆಲವು ದಿನ ಬಿಟ್ಟು ಮತ್ತದೇ ಕಥೆ. ಹಾಡು ಕೇಳುವುದಕ್ಕೆ ವಾರವಾರ ಹತ್ತಿ, ಸ್ಪಿರಿಟ್ ಹಿಡಿದು ಕೂರುವ ಪುರುಸೊತ್ತು ನನಗಿಲ್ಲ. ಮೇಲಾಗಿ ಬಡ್‌ನೊಳಗಿನ ಬ್ಯಾಟರಿ ಅವರೆಕಾಳಿನಷ್ಟು. ಅದು ಸೊರಗಿದರೆ ಬಿಚ್ಚಿ ಬದಲಾಯಿಸುವ ದಾರಿ ಇಲ್ಲ.

ನನ್ನ ನೆಕ್‌ಬ್ಯಾಂಡ್‌ನಲ್ಲಿ ಈ ರಗಳೆ ಇಲ್ಲ. ಎರಡು ತುದಿಯಲ್ಲಿ ಅಯಸ್ಕಾಂತ. ಅಂಟಿಸಿದರೆ ಆಫ್, ಬಿಡಿಸಿದರೆ ಆನ್. ಅದನ್ನು ಗುರುತಿಸುವುದು ಒಳಗಿನ ಸೆನ್ಸರ್, ಹಾಗಾಗಿ ಮೇಲೆ ಕೊಳೆ ಕೂತರೂ ಕೆಲಸ ಕೆಡುವುದಿಲ್ಲ. ಕಾಲ್ ಬಂದರೆ ಕತ್ತಿನಲ್ಲಿ ಗುರ್ ಅನ್ನುತ್ತದೆ. ಬಟನ್ ಒತ್ತಿದರೆ ಟಕ್ ಅನ್ನುತ್ತದೆ. ಬಡ್ಸ್ ಥರ ಕೂದಲು ಸರಿಸಲು ಹೋಗಿ ಕೈ ತಾಗಿ ಹಾಡು ನಿಲ್ಲುವುದಿಲ್ಲ. ರೈಲು ಹತ್ತುವ ನೂಕಾಟದಲ್ಲಿ ಕಿವಿಯಿಂದ ಜಾರಿದರೂ ಎದೆಯ ಮೇಲೇ ನೇತಾಡುತ್ತದೆ. ಬ್ಯಾಟರಿಗೆ ಜಾಗ ಜಾಸ್ತಿ ಇರುವುದರಿಂದ ಚಾರ್ಜರ್ ನೆನಪಾಗುವುದೇ ಅಪರೂಪ.

ಬೇಸಿಗೆಯಲ್ಲಿ ಕತ್ತಿಗೆ ಅಂಟುತ್ತದೆ, ನಿಜ. ಕಾಲರ್ ಶರ್ಟಿನ ಮೇಲೆ ನೋಡಲು ಚೆನ್ನಾಗಿಲ್ಲ, ಅದೂ ನಿಜ. ಬೇಸ್, ಅಂದ್ರೆ ಹಾಡಿನ ದಪ್ಪ ಸದ್ದು, ಸ್ವಲ್ಪ ಅತಿ.

ಒಂದೇ ಕಡೆ ನೆಕ್‌ಬ್ಯಾಂಡ್ ಬಿಡುತ್ತೇನೆ, ಲ್ಯಾಪ್‌ಟಾಪ್ ಮೀಟಿಂಗಿನಲ್ಲಿ. ಮೈಕ್ ಆನ್ ಆದ ತಕ್ಷಣ ಬ್ಲೂಟೂತ್ ಕಾಲ್ ಮೋಡ್‌ಗೆ ಹೋಗಿ ಶಬ್ದ ಹಳೇ ಲ್ಯಾಂಡ್‌ಲೈನ್ ಮಟ್ಟಕ್ಕೆ ಇಳಿಯುತ್ತದೆ. ನನ್ನ ಬಡ್ಸ್‌ನಲ್ಲೂ ಅದೇ ಪಾಡು. ಅಲ್ಲಿ ವೈರೇ ಸರಿ, ಲ್ಯಾಪ್‌ಟಾಪಿನಲ್ಲಿ ಪುಣ್ಯಕ್ಕೆ ಇನ್ನೂ ಜ್ಯಾಕ್ ಇದೆ.

ಜಿಮ್ಮಿಗೆ ಹೋಗುವವರು, ಮಲಗಿಕೊಂಡು ಕೇಳುವವರು ಬಡ್ಸನ್ನೇ ತಗೊಳ್ಳಿ, ದಿಂಬಿಗೆ ಒರಗಿದರೆ ನೆಕ್‌ಬ್ಯಾಂಡ್ ಒತ್ತುತ್ತದೆ. ನನ್ನ ಥರ ಓಡಾಟ, ಮಾತು ಜಾಸ್ತಿ ಇರುವವರಿಗೆ ಸಾವಿರ, ಸಾವಿರದಿನ್ನೂರರ ನೆಕ್‌ಬ್ಯಾಂಡ್ ಧಾರಾಳ ಸಾಕು. ಚಾರ್ಜಿಂಗ್ ಟೈಪ್-ಸಿ ಇದೆಯಾ ನೋಡಿಕೊಳ್ಳಿ. ಮೈಕ್ರೋ ಯುಎಸ್‌ಬಿಯ ಹಳೇ ಸ್ಟಾಕು ಇನ್ನೂರು ರೂಪಾಯಿ ಕಮ್ಮಿಗೆ ಕೊಟ್ಟರೂ ಬೇಡ, ಅದಕ್ಕಂತಲೇ ಇನ್ನೊಂದು ಕೇಬಲ್ ಹೊತ್ತು ತಿರುಗಬೇಕಾಗುತ್ತದೆ.