ಶ್ವಾಸಕೋಶದ ವಿಷತ್ವ ಪರೀಕ್ಷೆ: ದ್ರವದಲ್ಲಿ ಮುಳುಗಿದ ಕೋಶಗಳೋ, ಗಾಳಿಗೆ ತೆರೆದ ಅಂಗಾಂಶವೋ?

ನೆಲ ಒರೆಸುವ ಸೋಂಕುನಿವಾರಕಗಳಲ್ಲಿರುವ ಬೆಂಜಾಲ್ಕೋನಿಯಂ ಕ್ಲೋರೈಡ್ ಉಸಿರಿನೊಡನೆ ಒಳಹೋದರೆ ಏನಾದೀತು ಎಂಬುದನ್ನು ನಾನು ಎರಡು ಬಗೆಯ ಕಲ್ಚರ್‌ಗಳಲ್ಲಿ, ಅಂದರೆ ಪ್ರಯೋಗಾಲಯದಲ್ಲಿ ಬೆಳೆಸಿದ ಕೋಶಗಳಲ್ಲಿ, ಪರೀಕ್ಷಿಸಿದ್ದೇನೆ. ಯಾವ ಕೋಶ ಎಂಬುದಕ್ಕಿಂತ ರಾಸಾಯನಿಕವು ಆ ಕೋಶವನ್ನು ಹೇಗೆ ತಲುಪುತ್ತದೆ ಎಂಬುದೇ ಫಲಿತಾಂಶವನ್ನು ಹೆಚ್ಚು ಬದಲಿಸಿತು.

ಶ್ವಾಸಕೋಶದ ಕ್ಯಾನ್ಸರ್ ಗಡ್ಡೆಯಿಂದ ಬಂದ ಎ549 ಕೋಶಗಳನ್ನು ಸಾಕುವುದು ಸುಲಭ, ಖರ್ಚೂ ಕಡಿಮೆ. 96 ಗುಳಿಗಳ ಪ್ಲೇಟಿನಲ್ಲಿ ಬೆಳೆಸಿ, ರಾಸಾಯನಿಕವನ್ನು ಪೋಷಕ ದ್ರವಕ್ಕೆ ಬೆರೆಸಿ, 24 ಗಂಟೆಗಳ ನಂತರ ಎಂಟಿಟಿ ಎಂಬ ಹಳದಿ ಬಣ್ಣ ಹಾಕಿದರೆ, ಬದುಕಿರುವ ಕೋಶಗಳು ಅದನ್ನು ನೇರಳೆ ಹರಳುಗಳಾಗಿಸುತ್ತವೆ. ಆದರೆ ದ್ರವದಲ್ಲಿ ಸೀರಮ್ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ) ಇದ್ದಾಗ ಅದರ ಪ್ರೋಟೀನ್‌ಗಳು ಬೆಂಜಾಲ್ಕೋನಿಯಂ ಅಣುಗಳನ್ನು ಹಿಡಿದಿಟ್ಟುಕೊಳ್ಳುತ್ತವೆ. ಸೀರಮ್ ತೆಗೆದಾಗ ಅದೇ ಪ್ರಮಾಣಕ್ಕೆ ಕೋಶಗಳು ದುಂಡಗಾಗಿ ತಳದಿಂದ ಕಳಚಿಕೊಂಡವು. ಫಾರ್ಮಾಲ್ಡಿಹೈಡ್‌ನಂಥ ಆವಿಯಾಗುವ ವಸ್ತುಗಳಾದರೆ ಪಕ್ಕದ ಗುಳಿಗೂ ಹಬ್ಬುವುದರಿಂದ, ಏನೂ ಹಾಕದ ಕೋಶಗಳನ್ನೂ ನಂಬುವಂತಿಲ್ಲ.

ಇನ್ನೊಂದು ಬಗೆಯಲ್ಲಿ, ದಾನಿಗಳ ಶ್ವಾಸನಾಳದ ಕೋಶಗಳನ್ನು ಸೂಕ್ಷ್ಮ ರಂಧ್ರಗಳ ಪೊರೆಯ ಮೇಲೆ ಬಿತ್ತಿ, ಅವು ಹರಡಿಕೊಂಡ ಮೇಲೆ ಮೇಲಿನ ದ್ರವವನ್ನು ತೆಗೆದು, ಕೆಳಗಿನಿಂದ ಮಾತ್ರ ಪೋಷಣೆ ಕೊಡಲಾಗುತ್ತದೆ. ಮೂರು-ನಾಲ್ಕು ವಾರಗಳಲ್ಲಿ ಲೋಳೆ ಕೂಡಿಕೊಂಡು, ಸಿಲಿಯಾ ಎಂಬ ಸೂಕ್ಷ್ಮ ರೋಮಗಳು ಬಡಿಯತೊಡಗುತ್ತವೆ. ಸತ್ತ ಕೋಶದ ಚೂರುಗಳು ಲೋಳೆಯೊಡನೆ ನಿಧಾನವಾಗಿ ಸುತ್ತುವುದನ್ನು ಸೂಕ್ಷ್ಮದರ್ಶಕದಲ್ಲಿ ನೋಡಬಹುದು. ಇಲ್ಲಿ ಸೋಂಕುನಿವಾರಕವನ್ನು ಮಂಜಿನ ರೂಪದಲ್ಲಿ ನೇರವಾಗಿ ಮೇಲ್ಮೈಗೆ ಬೀಳಿಸಬಹುದು. ಪೊರೆಯ ಮೇಲೂ ಕೆಳಗೂ ವಿದ್ಯುದ್ವಾರ ಇಟ್ಟು ಅಳೆಯುವ ವಿದ್ಯುತ್ ರೋಧವು, ಕೋಶಗಳು ಸಾಯುವ ಮೊದಲೇ ಕುಸಿದು ಹಾನಿಯ ಸುಳಿವು ಕೊಟ್ಟಿತು. ಎ549 ಅಷ್ಟು ಬಿಗಿಯಾದ ತಡೆ ಕಟ್ಟುವುದಿಲ್ಲವಾದ್ದರಿಂದ ಈ ಅಳತೆ ಅಲ್ಲಿ ಪ್ರಯೋಜನಕ್ಕೆ ಬಾರದು. (ಇನ್‌ಕ್ಯುಬೇಟರಿನಿಂದ ಹೊರತೆಗೆದ ಅಂಗಾಂಶ ತಣ್ಣಗಾಗುತ್ತಿದ್ದಂತೆ ರೋಧ ತಾನಾಗಿಯೇ ಏರುತ್ತದೆ, ಆದ್ದರಿಂದ ಎಲ್ಲ ಅಳತೆಗಳನ್ನೂ ಒಂದೇ ಉಷ್ಣತೆಯಲ್ಲಿ ತೆಗೆದುಕೊಳ್ಳಬೇಕು.)

ಗಾಳಿಗೆ ತೆರೆದ ಈ ಅಂಗಾಂಶದ ಬೆಲೆ ದುಬಾರಿ, ದಾನಿಯಿಂದ ದಾನಿಗೆ ವ್ಯತ್ಯಾಸವೂ ಉಂಟು. ಆದರೂ ಉಸಿರಾಡುವ ವಸ್ತುವಿನ ಬಗ್ಗೆ ತೀರ್ಮಾನ ಹೇಳಬೇಕಾದರೆ ನನ್ನ ಆಯ್ಕೆ ಇದೇ. ಕ್ಲೋರೋಥಲೋನಿಲ್ ಎಂಬ ಶಿಲೀಂಧ್ರನಾಶಕದ ಅಪಾಯವನ್ನು ಇಂಥ ಅಂಗಾಂಶದ ದತ್ತಾಂಶದಿಂದ ಅಂದಾಜಿಸುವ ಪ್ರಸ್ತಾವವನ್ನು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2018ರಲ್ಲಿ ತಜ್ಞರ ಮುಂದಿಟ್ಟಿತ್ತು. ಎ549 ಅನ್ನು ನಾನು ಹತ್ತಾರು ವಸ್ತುಗಳನ್ನು ಬೇಗನೆ ಜರಡಿ ಹಿಡಿಯಲಷ್ಟೇ ಇಟ್ಟುಕೊಂಡಿದ್ದೇನೆ.

ಆದರೆ ದಕ್ಷಿಣ ಕೊರಿಯಾದಲ್ಲಿ 2011ರಲ್ಲಿ ಬಯಲಾದ, ಗಾಳಿಗೆ ತೇವ ಕೊಡುವ ಯಂತ್ರಗಳ ನೀರಿಗೆ ಬೆರೆಸಿದ ಸೋಂಕುನಿವಾರಕದ ದುರಂತದಲ್ಲಿ ಗಾಯವಾದದ್ದು ಶ್ವಾಸಕೋಶದ ಆಳದಲ್ಲಿ. ಶ್ವಾಸನಾಳದ ಅಂಗಾಂಶ ಅಂಥ ಗಾಯವನ್ನು ಹೇಳಲಾರದು. ಅದಕ್ಕೆ ಗಾಳಿಗೂಡುಗಳೂ ರಕ್ಷಕ ಕೋಶಗಳೂ ಉಳಿದಿರುವ, ಶ್ವಾಸಕೋಶದಿಂದಲೇ ಕೊಯ್ದ ತೆಳುಹೋಳುಗಳು ಬೇಕಾಗುತ್ತವೆ.