ಶುದ್ಧ ನೀರಿನ ಘಟಕಕ್ಕೆ ಒಪ್ಪುವ ಮೊದಲು ಅದರ ಹಿಂದಿನ ಪೈಪ್ ಎಲ್ಲಿಗೆ ಹೋಗುತ್ತದೆ ಅಂತ ಕೇಳಿ

ಸರ್ಕಾರದ ದುಡ್ಡಿನಲ್ಲಿ ನಿಮ್ಮೂರಿಗೆ ಕುಡಿಯುವ ನೀರಿನ ಘಟಕ ಮಂಜೂರಾಗಿದ್ದರೆ, ಗುದ್ದಲಿ ಪೂಜೆಗೆ ದಿನ ಗೊತ್ತು ಮಾಡುವ ಮೊದಲು ಇದನ್ನೊಮ್ಮೆ ಓದಿ. ನಮ್ಮೂರಿನಲ್ಲಿ ಆದದ್ದು ಇನ್ನೊಂದು ಊರಿನಲ್ಲಿ ಆಗಬಾರದು.

ನಮ್ಮದು ಪಾವಗಡ ತಾಲ್ಲೂಕು. ನಮ್ಮ ಕಡೆ ಬೋರ್‌ವೆಲ್ ನೀರಿನ ಜೊತೆಗೆ ಫ್ಲೋರೈಡ್ ಕೂಡ ಬರುತ್ತದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಸಿಗದಿದ್ದರೆ 1.5ರ ತನಕ ನಡೆಯುತ್ತದೆ ಅನ್ನುವುದು ಭಾರತೀಯ ಮಾನಕ ಬ್ಯೂರೋ ಹಾಕಿರುವ ಮಿತಿ. ನಮ್ಮೂರ ಬೋರಿನ ನೀರನ್ನು ಪರೀಕ್ಷೆ ಮಾಡಿಸಿದಾಗ 3ರ ಹತ್ತಿರ ಬಂದಿತ್ತು. ಕುದಿಸಿ ಕುಡಿಯಿರಿ ಅಂತ ಹೇಳುವವರು ಈಗಲೂ ಇದ್ದಾರೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದು ಜಾಸ್ತಿಯೇ ಆಗುತ್ತದೆ. ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟಿ, ವಯಸ್ಸಾದವರಿಗೆ ಬಗ್ಗಿದ ಸೊಂಟ, ಮಡಚಲಾಗದ ಮಂಡಿ, ಇದೆಲ್ಲ ನಾವು ಮನೆಮನೆಯಲ್ಲೂ ನೋಡಿದ್ದು. ಹಾಗಾಗಿ ನೀರಿನಿಂದ ಉಪ್ಪು, ಫ್ಲೋರೈಡ್ ಬೇರ್ಪಡಿಸುವ ಆರ್‌ಒ ಘಟಕ ಬರುತ್ತದೆ ಅಂದಾಗ ಊರಿಗೆ ಊರೇ ಖುಷಿಪಟ್ಟಿತು. ಅದರಲ್ಲಿ ತಪ್ಪೇನಿಲ್ಲ. ಘಟಕ ಬೇಡ ಅಂತ ನಾನು ಹೇಳುತ್ತಿಲ್ಲ. ಅದರ ಮುಂದಿನ ನಲ್ಲಿಯಲ್ಲಿ ಬರುವ ನೀರು ಚೆನ್ನಾಗಿಯೇ ಇತ್ತು.

ತೊಂದರೆ ಶುರುವಾದದ್ದು ಹಿಂದಿನ ಪೈಪ್‌ನಿಂದ.

ಆರ್‌ಒ ಯಂತ್ರ ಫ್ಲೋರೈಡನ್ನು ಸುಟ್ಟು ಹಾಕುವುದಿಲ್ಲ. ಒಳಗೆ ಹೋದ ನೀರನ್ನು ಎರಡು ಪಾಲು ಮಾಡುತ್ತದೆ. ಒಂದು ಪಾಲು ನಮ್ಮ ಕ್ಯಾನಿಗೆ ಬರುತ್ತದೆ. ಆ ಪಾಲಿನಲ್ಲಿದ್ದ ಉಪ್ಪು, ಫ್ಲೋರೈಡ್ ಎಲ್ಲವೂ ಇನ್ನೊಂದು ಪಾಲಿಗೆ ಸೇರಿ ಹೊರಗೆ ಹೋಗುತ್ತದೆ. 3 ಮಿಲಿಗ್ರಾಂ ಇರುವ ನೀರಿನಲ್ಲಿ ಅರ್ಧ ಕುಡಿಯಲು ಸಿಕ್ಕರೆ, ಹೊರಗೆ ಹೋಗುವ ಅರ್ಧದಲ್ಲಿ ಹೆಚ್ಚುಕಡಿಮೆ 6 ಇರುತ್ತದೆ. ಕೂಡುವುದು ಕಳೆಯುವುದು ಬಂದರೆ ಸಾಕು, ಈ ಲೆಕ್ಕ ಯಾರಿಗಾದರೂ ತಿಳಿಯುತ್ತದೆ. ಆದರೆ ಘಟಕ ಕೂರಿಸಲು ಬಂದವರು ಯಾರೂ ಇದನ್ನು ಊರಿಗೆ ಹೇಳಲಿಲ್ಲ. ಅವರು ಮಾಡಿದ್ದೇನು ಗೊತ್ತಾ? ‘ನೀರು ಸುಮ್ನೆ ಯಾಕೆ ಹಾಳಾಗಬೇಕು, ದನಗಳಾದರೂ ಕುಡಿಯಲಿ’ ಅಂತ ಆ ಪೈಪನ್ನು ಪಕ್ಕದ ದನದ ತೊಟ್ಟಿಗೆ ತಿರುಗಿಸಿದರು. ಕೇಳಿದವರಿಗೆಲ್ಲ ಒಳ್ಳೆಯ ಕೆಲಸ ಅನ್ನಿಸಿತು.

ನಮ್ಮ ಚಿಕ್ಕಪ್ಪನ ಮನೆಯ ಕಡಸು ಕರುವಾಗಿದ್ದಾಗಿನಿಂದ ಅದೇ ತೊಟ್ಟಿಯ ನೀರು ಕುಡಿದು ಬೆಳೆಯಿತು. ಹಾಲುಹಲ್ಲು ಬಿದ್ದು ಹೊಸ ಹಲ್ಲು ಹುಟ್ಟುವ ವಯಸ್ಸಿಗೆ ಮೇವು ಬಿಡತೊಡಗಿತು. ಹಿಂಗಾಲು ಎಳೆದು ನಡೆಯುತ್ತಿತ್ತು. ತಣ್ಣೀರು ಇಟ್ಟರೆ ಒಂದೇ ಗುಟುಕಿಗೆ ಕುಡಿಯುತ್ತಿರಲಿಲ್ಲ, ನಾಲಿಗೆಯ ತುದಿಯಿಂದ ನೆಕ್ಕಿ ನೆಕ್ಕಿ ಕುಡಿಯುತ್ತಿತ್ತು. ಪಶುವೈದ್ಯರು ಬಂದು ತುಟಿ ಎತ್ತಿ ನೋಡಿದರು. ಹೊಸ ಹಲ್ಲಿನ ಮೇಲೆ ಅಡ್ಡಡ್ಡ ಕಂದು ಗೆರೆ, ತುದಿ ಸವೆದು ಮೊಂಡಾಗಿತ್ತು. ಅವರು ಔಷಧಿ ಬರೆಯುವ ಮೊದಲು ಕೇಳಿದ್ದು, ‘ಇದಕ್ಕೆ ಯಾವ ನೀರು ಕುಡಿಸ್ತೀರಿ?’ ಅಂತ. ಮನುಷ್ಯರ ಹಲ್ಲಿಗೆ ಆಗುವುದು ದನದ ಹಲ್ಲಿಗೂ ಆಗುತ್ತದೆ, ಒಮ್ಮೆ ಕೆಟ್ಟ ಹಲ್ಲು ಸರಿಹೋಗುವುದಿಲ್ಲ ಅಂದರು. ಚಿಕ್ಕಪ್ಪ ಆ ಕಡಸನ್ನು ಕೊನೆಗೆ ಸಿಕ್ಕಿದ ಬೆಲೆಗೆ ಕೊಟ್ಟರು. ಅದು ಹಾಲು ಕೊಡುವ ಕಾಲಕ್ಕೆ ಮಗಳ ಕಾಲೇಜಿನ ಖರ್ಚು ನಡೆಯುತ್ತದೆ ಅಂತ ಲೆಕ್ಕ ಹಾಕಿದ್ದ ಮನೆ ಅದು.

ತೊಟ್ಟಿ ತುಂಬಿ ಹರಿದ ನೀರು ಕೆಳಗಿನ ಕಡಲೆಕಾಯಿ ಹೊಲಕ್ಕೆ ಇಳಿಯುತ್ತಿತ್ತು. ಬೇಸಿಗೆಯಲ್ಲಿ ಅಲ್ಲಿ ನೆಲದ ಮೇಲೆ ಬಿಳಿ ಉಪ್ಪು ಕಟ್ಟಿತು. ಹೊಲದವರು ಜಗಳಕ್ಕೆ ಬಂದ ಮೇಲೆ ಘಟಕದವರು ಒಂದು ಇಂಗುಗುಂಡಿ ತೋಡಿಸಿದರು. ಎಲ್ಲಿ? ಕುಡಿಯುವ ನೀರಿನ ಬೋರಿನ ಪಕ್ಕದಲ್ಲೇ! ಮೇಲೆತ್ತಿದ ಫ್ಲೋರೈಡನ್ನು ಅದೇ ನೆಲಕ್ಕೆ ವಾಪಸ್ ಇಳಿಸುವ ಏರ್ಪಾಡು. ಇದನ್ನು ನೋಡಿದಾಗ ಬಂದ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಮಾಹಿತಿ ಹಕ್ಕಿನಲ್ಲಿ ಎಸ್ಟಿಮೇಟ್ ತೆಗೆಸಿದೆ. ಹೊರನೀರಿಗೆ ಬೇರೆ ಪೈಪ್ ಹಾಕಿಸಿ ದೂರಕ್ಕೆ ಒಯ್ಯಬೇಕು ಅಂತ ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ಬಿಲ್ಲೂ ಆಗಿತ್ತು. ಪೈಪ್ ಮಾತ್ರ ನೆಲದಲ್ಲಿ ಇರಲಿಲ್ಲ. ಗುತ್ತಿಗೆದಾರರನ್ನು ಕೇಳಿದರೆ ಕಚೇರಿಯನ್ನು ಕೇಳಿ ಅಂದರು, ಕಚೇರಿಯವರು ಪಂಚಾಯ್ತಿಗೆ ಒಪ್ಪಿಸಿಯಾಗಿದೆ ಅಂದರು. ಹಾಗಾಗಿ ಎಸ್ಟಿಮೇಟ್ ಪ್ರತಿಯನ್ನು ಕೆಲಸ ಶುರುವಾಗುವ ಮೊದಲೇ ಕೈಗೆ ತೆಗೆದುಕೊಳ್ಳಿ. ಬಿಲ್ ಆದ ಮೇಲೆ ನಿಮ್ಮ ಮಾತು ಯಾರೂ ಕೇಳುವುದಿಲ್ಲ.

ಜಾಗದ ವಿಷಯ ಇನ್ನೊಂದು. ಘಟಕ ಕಟ್ಟಿದ್ದು ನಮ್ಮ ಬೀದಿಯ ಅಜ್ಜಿಯೊಬ್ಬರ ಕಣದ ಜಾಗದಲ್ಲಿ. ‘ಊರಿಗೆ ಒಳ್ಳೇದಾಗ್ತದೆ ಕೊಡವ್ವಾ, ನಿನ್ನ ಮೊಮ್ಮಗನಿಗೆ ಅಲ್ಲೇ ಕೆಲಸ ಹಾಕಿಸ್ತೀವಿ’ ಅಂದರು. ಅಜ್ಜಿ ‘ಆಗ್ಲಪ್ಪಾ’ ಅಂದರು, ಒಂದು ಖಾಲಿ ಹಾಳೆಗೆ ಹೆಬ್ಬೆಟ್ಟು ಒತ್ತಿದರು. ಮೊಮ್ಮಗನಿಗೆ ಕೆಲಸ ಸಿಗಲಿಲ್ಲ, ರಾಗಿ ಒಕ್ಕಲು ಅಜ್ಜಿಗೆ ಬೇರೆ ಕಣ ಇರಲಿಲ್ಲ. ಜಮೀನು ದಾನ ಕೊಡುವುದಾದರೆ ಇಬ್ಬರು ಸಾಕ್ಷಿಗಳ ಸಹಿ ಇರುವ ದಾನಪತ್ರ ಉಪನೋಂದಣಿ ಕಚೇರಿಯಲ್ಲಿ ನೋಂದಣಿ ಆಗಲೇಬೇಕು, ಬಾಯಿಮಾತಿನ ದಾನ ಕಾನೂನಿನಲ್ಲಿ ನಿಲ್ಲುವುದಿಲ್ಲ. ಅದಕ್ಕಿಂತ ಮೊದಲು ಕೇಳಬೇಕಾದ ಮಾತು ಬೇರೆ ಇದೆ. ಕೊಟ್ಟವರಿಗೆ ಬದುಕಲು ಬೇಕಾದಷ್ಟು ಉಳಿಯುತ್ತದಾ? ‘ಇಲ್ಲ’ ಅನ್ನುವ ಧೈರ್ಯ ಅವರಿಗೆ ನಿಜವಾಗಿ ಇತ್ತಾ? ಊರಲ್ಲಿ ಗೋಮಾಳವೋ ಪಂಚಾಯ್ತಿ ಜಾಗವೋ ಇದ್ದಾಗ ಒಂಟಿ ಮುದುಕಿಯ ಕಣವೇ ಯಾಕೆ ಬೇಕಾಯಿತು?

ಘಟಕ ಇರುವುದು ಊರಿನ ಒಂದು ತುದಿಯಲ್ಲಿ, ಎಸ್‌ಸಿ ಕಾಲೋನಿ ಇರುವುದು ಇನ್ನೊಂದು ತುದಿಯಲ್ಲಿ. ಸೈಕಲ್, ಬೈಕ್ ಇರುವವರಿಗೆ 5 ರೂಪಾಯಿ ನಾಣ್ಯ ಹಾಕಿ 20 ಲೀಟರ್ ತರುವುದು ಸುಲಭ. ಕೂಲಿ ಮುಗಿಸಿ ಕತ್ತಲಾದ ಮೇಲೆ ಮನೆಗೆ ಬರುವ ಹೆಂಗಸರು ಹೋಗುವಷ್ಟರಲ್ಲಿ ಬಾಗಿಲು ಹಾಕಿರುತ್ತದೆ. ಅವರ ಮಕ್ಕಳು ಈಗಲೂ ಬೋರಿನ ನೀರನ್ನೇ ಕುಡಿಯುತ್ತಿದ್ದಾರೆ. ಕಡತದಲ್ಲಿ ಮಾತ್ರ ಇಡೀ ಊರಿಗೆ ಶುದ್ಧ ನೀರು ಸಿಕ್ಕಿದೆ. ಇಂಥ ಅಂತರ ಎಷ್ಟು ದುಬಾರಿ ಅಂತ ಚಿತ್ರದುರ್ಗದ ಕವಾಡಿಗರಹಟ್ಟಿಯನ್ನು ನೆನೆದರೆ ತಿಳಿಯುತ್ತದೆ. 2023ರ ಆಗಸ್ಟ್‌ನಲ್ಲಿ ಅಲ್ಲಿನ ದಲಿತರ ಕೇರಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು.

ಗ್ರಾಮಸಭೆ ನಡೆದಿತ್ತಾ ಅಂತ ನೀವು ಕೇಳಬಹುದು. ಪುಸ್ತಕ ಹಿಡಿದು ಮನೆಮನೆಗೆ ಬಂದು ಸಹಿ ಹಾಕಿಸಿಕೊಂಡು ಹೋದರು, ಅದೇ ಗ್ರಾಮಸಭೆ. ಹಾಗೆ ಬಂದರೆ ಸಹಿ ಹಾಕಬೇಡಿ. ಸಭೆ ಕರೆಯಿರಿ ಅನ್ನಿ, ಕಾಲೋನಿಯ ಹೆಂಗಸರು ಬರಲು ಆಗುವ ಹೊತ್ತಿಗೆ ಕರೆಯಿರಿ ಅನ್ನಿ. 2019ರಲ್ಲಿ ಶುರುವಾದ ಜಲಜೀವನ್ ಮಿಷನ್‌ನ ನಿಯಮದಲ್ಲೇ ಊರಿನ ಯೋಜನೆಗೆ ಗ್ರಾಮಸಭೆ ಒಪ್ಪಬೇಕು, ನೀರು ಮತ್ತು ನೈರ್ಮಲ್ಯ ಸಮಿತಿಯಲ್ಲಿ ಅರ್ಧದಷ್ಟಾದರೂ ಹೆಂಗಸರಿರಬೇಕು ಅಂತ ಇದೆ. ಊರೊಳಗಿನ ಕೆಲಸದ ವೆಚ್ಚದಲ್ಲಿ ನೂರಕ್ಕೆ 10ರಷ್ಟು ಜನರ ವಂತಿಗೆ ಅಂತಲೂ ಇದೆ, ಪರಿಶಿಷ್ಟ ಜಾತಿ ಪಂಗಡದವರೇ ಅರ್ಧಕ್ಕಿಂತ ಹೆಚ್ಚಿರುವ ಊರಿಗೆ 5. ವಂತಿಗೆ ಕೇಳುವಾಗ ಈ ನಿಯಮ ನೆನಪಾಗುತ್ತದೆ, ಸಭೆ ಕರೆಯುವಾಗ ಮರೆತುಹೋಗುತ್ತದೆ. ನೀವು ಮರೆಯಬೇಡಿ.

ಘಟಕಕ್ಕೆ ಅಂತ ಹೊಸ ಬೋರ್ ಕೊರೆಸುವುದಾದರೆ ಹಳೆಯ ಸಾರ್ವಜನಿಕ ಬೋರಿಗೆ ಎಷ್ಟು ದೂರ ಅಂತಲೂ ನೋಡಿ. ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿ ಇಲ್ಲದೆ ಯಾರೂ ಬಾವಿ ತೋಡಬಾರದು, ಬೋರ್ ಕೊರೆಸಬಾರದು ಅಂತ ನಮ್ಮ ರಾಜ್ಯದಲ್ಲಿ ಕಾಯ್ದೆಯೇ ಇದೆ.

ಘಟಕ ಈಗಾಗಲೇ ಇದ್ದರೆ ಇವತ್ತೇ ಅದರ ಹಿಂದೆ ಹೋಗಿ ನೋಡಿ. ಹೊರನೀರು ದನದ ತೊಟ್ಟಿಗೆ ಬೀಳುತ್ತಿದ್ದರೆ ಮೊದಲು ಅದನ್ನು ತಪ್ಪಿಸಿ. ಆ ನೀರನ್ನು ಶೌಚಾಲಯಕ್ಕೆ, ನೆಲ ತೊಳೆಯಲು ಬಳಸಬಹುದು. ಉಳಿದದ್ದಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ ಹೊದಿಸಿದ, ಸುತ್ತ ಬೇಲಿ ಇರುವ ಹೊಂಡ ಬೇಕು. ಅದು ಬಿಸಿಲಿಗೆ ಆರಬೇಕು, ನೆಲಕ್ಕೆ ಇಂಗಬಾರದು. ಆಮೇಲೆ ಮೂರು ಬಾಟಲಿ ತೆಗೆದುಕೊಳ್ಳಿ. ಬೋರಿನ ನೀರು, ಕ್ಯಾನಿನ ನೀರು, ಹಿಂದಿನ ಪೈಪಿನ ನೀರು ಬೇರೆ ಬೇರೆ ತುಂಬಿ, ಮೇಲೆ ತಾರೀಖು ಬರೆದು, ಕುಡಿಯುವ ನೀರು ಪರೀಕ್ಷಿಸುವ ಸರ್ಕಾರಿ ಲ್ಯಾಬಿಗೆ ಕೊಡಿ. ಮೂರರಲ್ಲೂ ಫ್ಲೋರೈಡ್ ಎಷ್ಟಿದೆ ಅಂತ ಬರಹದಲ್ಲೇ ಪಡೆಯಿರಿ, ಆ ಕಾಗದವನ್ನು ಮುಂದಿನ ಗ್ರಾಮಸಭೆಯ ನಡಾವಳಿಯಲ್ಲಿ ಸೇರಿಸಲು ಹೇಳಿ. ನಮ್ಮೂರಿನಲ್ಲಿ ಪೈಪ್ ತೊಟ್ಟಿಯಿಂದ ಆಚೆ ಸರಿದದ್ದು ಆ ಕಾಗದ ಮೇಜಿನ ಮೇಲೆ ಬಿದ್ದ ಮೇಲೆಯೇ. ಅಜ್ಜಿಯ ಕಣದ ಅರ್ಜಿ ಇನ್ನೂ ಇತ್ಯರ್ಥ ಆಗಿಲ್ಲ.