ವಿನೋಬನಗರದ ಅಕ್ಕನ ಡೇಕೇರ್: ಮಗುವಿಗೆ ಹುಷಾರಿಲ್ಲದ ದಿನದ ಲೆಕ್ಕದಲ್ಲಿ

ಶಿವಮೊಗ್ಗದ ವಿನೋಬನಗರದಲ್ಲಿ ಬೋರ್ಡೂ ಇಲ್ಲದ ಒಂದು ಮನೆ ಡೇಕೇರ್ ಇದೆ. ನಡೆಸೋರನ್ನ ನಾವೆಲ್ಲ ಅಕ್ಕ ಅಂತಲೇ ಕರೆಯೋದು. ಎರಡೂವರೆ ವರ್ಷದ ನನ್ನ ಮಗಳು ಅಲ್ಲೇ ಇರ್ತಾಳೆ. ಊಟ ಚೆನ್ನಾಗಿದೆ, ಮಧ್ಯಾಹ್ನ ಮಲಗಿಸ್ತಾರೆ, ಹಿತ್ತಲಲ್ಲಿ ಮಣ್ಣಾಡಕ್ಕೆ ಜಾಗ ಇದೆ. ಇಷ್ಟು ಎಲ್ಲಾ ಕಡೆಯೂ ಸಿಗುತ್ತೆ. ನಾನು ಸಹಕಾರಿ ಬ್ಯಾಂಕಿನ ಕ್ಯಾಷ್ ಕೌಂಟರ್‌ನಲ್ಲಿ ಕೂರೋಳು, ಫೋನ್ ಡ್ರಾಯರ್ ಒಳಗೆ. ನಮ್ಮನೆಯವರ ಕೆಲಸ ಭದ್ರಾವತೀಲಿ. ಹನ್ನೊಂದು ಗಂಟೆಗೆ ಮಗುವಿನ ಮೈ ಸುಡ್ತಾ ಇದ್ದರೆ ಆ ಮನೆಯಲ್ಲಿ ಏನು ನಡೆಯುತ್ತೆ ಅನ್ನೋದೇ ನನಗೆ ಮುಖ್ಯ, ಅದನ್ನಷ್ಟೇ ಬರೀತೀನಿ.

ಸೇರಿಸೋಕೆ ಹೋದ ದಿನ ಅಕ್ಕ ಫೀಸಿನ ಮಾತು ಎತ್ತೋ ಮೊದಲೇ ಮಗುವನ್ನ ತೂಕದ ಮೆಷಿನ್ ಮೇಲೆ ನಿಲ್ಲಿಸಿದ್ರು. ಈಗಲೂ ತಿಂಗಳಿಗೊಮ್ಮೆ ಎಲ್ಲಾ ಮಕ್ಕಳ ತೂಕ ನೋಡಿ ಒಂದು ನೀಲಿ ನೋಟ್‌ಬುಕ್‌ನಲ್ಲಿ ಬರೀತಾರೆ. ಮಕ್ಕಳಿಗೆ ಪ್ಯಾರಾಸಿಟಮಾಲ್ ಲೆಕ್ಕ ವಯಸ್ಸಿಗಿಂತ ತೂಕದ ಮೇಲೆ ನಡೆಯುತ್ತಲ್ಲ, ಅದಕ್ಕೆ: ಸಲಕ್ಕೆ ಕೆಜಿಗೆ 10ರಿಂದ 15 ಮಿಲಿಗ್ರಾಂ. ನನ್ನ ಮಗಳು 12 ಕೆಜಿ, ಅಂದ್ರೆ ಹೆಚ್ಚೆಂದರೆ 180 ಮಿಲಿಗ್ರಾಂ. ತಾಪತ್ರಯ ಇರೋದು ಬಾಟಲಿಯಲ್ಲಿ. 5 ಎಂಎಲ್‌ಗೆ 120 ಮಿಲಿಗ್ರಾಂ ಇರೋ ಸಿರಪ್ ಆದ್ರೆ ಅದು ಏಳೂವರೆ ಎಂಎಲ್. 250ರದ್ದಾದರೆ ಮೂರೂವರೆ ಚಿಲ್ಲರೆ. ಎಂಎಲ್‌ಗೆ 100 ಮಿಲಿಗ್ರಾಂ ಇರೋ ಡ್ರಾಪ್ಸ್ ಆದ್ರೆ ಎರಡು ಎಂಎಲ್ ಕೂಡ ಬೇಡ. ಮೂರಕ್ಕೂ ಹೆಚ್ಚುಕಮ್ಮಿ ಒಂದೇ ಥರದ ಡಬ್ಬಿ. ಮೊದಲು ನಾವು ಬಿಡ್ತಿದ್ದ ಇನ್ನೊಂದು ಕಡೆ ಎಲ್ಲಾ ಮಕ್ಕಳ ಔಷಧಿಯನ್ನ ಒಂದೇ ಸ್ಟೀಲ್ ಡಬ್ಬಿಗೆ ಹಾಕಿ, ಎಲ್ಲರಿಗೂ ಒಂದೇ ಚಮಚದಲ್ಲಿ 'ಅರ್ಧ ಚಮಚ' ಹಾಕ್ತಿದ್ರು. ಯಾರ ಅರ್ಧ, ಯಾವ ಬಾಟಲಿಯ ಅರ್ಧ? ಅಕ್ಕನ ಮನೆಯಲ್ಲಿ ಚಮಚವೇ ಇಲ್ಲ. ಪ್ರತಿ ಮಗುವಿಗೂ ಅದರದ್ದೇ ಸೂಜಿಯಿಲ್ಲದ ಸಿರಿಂಜ್, ಮೇಲೆ ಹೆಸರಿನ ಪ್ಲಾಸ್ಟರ್.

ಬಾಟಲಿ ಜೊತೆಗೆ ಡಾಕ್ಟರ ಚೀಟಿಯ ಜೆರಾಕ್ಸ್ ಕೊಡಬೇಕು. ಎಷ್ಟು ಎಂಎಲ್, ಎಷ್ಟು ಗಂಟೆಗೆ, ಮನೆಯಲ್ಲಿ ಕೊನೇ ಸಲ ಯಾವಾಗ ಹಾಕಿದ್ದು ಅಂತ ನಮ್ಮ ಕೈಯಾರೆ ಬರೆದು ಸಹಿ ಮಾಡಬೇಕು. ವಾಟ್ಸಾಪ್‌ನಲ್ಲಿ 'ಅಕ್ಕ, ಸ್ವಲ್ಪ ಹಾಕ್ಬಿಡಿ' ಅಂದ್ರೆ ನಡೆಯಲ್ಲ. ಯಾವುದೇ ಹೊಸ ಔಷಧಿಯ ಮೊದಲನೇ ಡೋಸ್ ಮನೆಯಲ್ಲೇ ಆಗಿರಬೇಕು. ಮೈಮೇಲೆ ದದ್ದು ಎದ್ದರೆ, ಉಸಿರು ಕಟ್ಟಿದರೆ ಅದು ನಮ್ಮ ಕಣ್ಣೆದುರು ಆಗಲಿ ಅನ್ನೋದು ಅವರ ವಾದ. ಒಪ್ಪಲೇಬೇಕು.

ನಮ್ಮ ಅತ್ತೆ ಒಪ್ಪಲಿಲ್ಲ. ಮಳೆಗಾಲದಲ್ಲಿ ಮಗುವಿಗೆ ಕಫ ಕಟ್ಟಿದೆ ಅಂತ ದೊಡ್ಡಪತ್ರೆ ರಸಕ್ಕೆ ಜೇನು ಬೆರೆಸಿ, ಜೊತೆಗೆ ತಮ್ಮ ಕಾಲದ ಬೆಳ್ಳಿ ಒಳಲೆಯನ್ನೂ ಚೀಲಕ್ಕೆ ಹಾಕಿ ತಾವೇ ಬಿಡೋಕೆ ಹೋಗಿದ್ರು. ಬಾಗಿಲಲ್ಲೇ ಮಾತು.

"ಅಮ್ಮಾ, ಇದನ್ನ ಮನೇಲಿ ನೀವೇ ಹಾಕಿ. ಇಲ್ಲಿ ನಾನು ಹಾಕಲ್ಲ."

"ಏನಮ್ಮಾ, ನಾನು ಮೂರು ಮಕ್ಕಳನ್ನ ಇದರಲ್ಲೇ ಬೆಳೆಸಿದ್ದೀನಿ. ವಿಷ ಏನಲ್ವಲ್ಲ?"

"ನೀವು ಬೆಳೆಸಿದ್ದು ನಿಮ್ಮ ಮಕ್ಕಳನ್ನ. ನನ್ನ ಹತ್ರ ಬೇರೆಯವರ ಮಕ್ಕಳೂ ಇದಾವೆ, ಒಂದಕ್ಕಿನ್ನೂ ವರ್ಷ ತುಂಬಿಲ್ಲ. ಆಯಾ ಕೈಗೆ ಸಿಕ್ಕಿ ಅದರ ಬಾಯಿಗೆ ಜೇನು ಬಿದ್ದರೆ?"

ವರ್ಷದೊಳಗಿನ ಕೂಸಿಗೆ ಜೇನು ಕೊಡಬಾರದು ಅನ್ನೋದು ಅತ್ತೆಗೆ ಅಲ್ಲೇ ತಿಳಿದದ್ದು. ಒಳಲೆ ವಾಪಸ್ ಬಂತು, ಎರಡು ದಿನ ಅತ್ತೆಯ ಮುಖ ಬಿಗಿದಿತ್ತು.

ಅಂಗಡಿಯ ಕೆಮ್ಮಿನ ಸಿರಪ್ಪಿಗೂ ಅಲ್ಲಿ ಪ್ರವೇಶ ಇಲ್ಲ. ನೆಗಡಿಗೆ ಮಾಮೂಲಾಗಿ ಬರೆಯೋ ಕ್ಲೋರ್‌ಫೆನಿರಮಿನ್, ಫಿನೈಲೆಫ್ರಿನ್ ಜೋಡಿ ಔಷಧಿಯನ್ನ 4 ವರ್ಷದೊಳಗಿನವರಿಗೆ ಕೊಡಬಾರದು ಅಂತ ಡಬ್ಬಿ ಮೇಲೆ ಮುದ್ರಿಸೋಕೆ ಕೇಂದ್ರದ ಔಷಧ ನಿಯಂತ್ರಕರು 2023ರಲ್ಲೇ ಹೇಳಿದ್ರು. ಆದ್ರೂ ಅಪ್ಪ ಅಮ್ಮಂದಿರು ತಂದು ಕೊಡ್ತಾನೇ ಇದ್ರು, ಅಕ್ಕ ಬೇಡ ಅಂದ್ರೆ ಮುನಿಸಿಕೊಳ್ತಾನೂ ಇದ್ರು. 2025ರ ಅಕ್ಟೋಬರ್‌ನಲ್ಲಿ ಮಧ್ಯಪ್ರದೇಶದ ಛಿಂದ್ವಾರದಲ್ಲಿ ಡೈಇಥಿಲೀನ್ ಗ್ಲೈಕಾಲ್ ಬೆರೆತ ಸಿರಪ್ ಕುಡಿದು ಮಕ್ಕಳು ಕಿಡ್ನಿ ಕೆಟ್ಟು ಸತ್ತ ಸುದ್ದಿ ಬಂದ ಮೇಲೆ ಗ್ರೂಪಿನಲ್ಲಿ ಈ ಜಗಳ ನಿಂತಿತು. 2 ವರ್ಷದೊಳಗೆ ಬೇಡವೇ ಬೇಡ, 5ರೊಳಗೂ ಸಾಮಾನ್ಯವಾಗಿ ಬೇಡ ಅಂತ ಕೇಂದ್ರವೇ ಆಗ ಸುತ್ತೋಲೆ ಹೊರಡಿಸ್ತು.

ಇನ್ನು ಬೆಳಿಗ್ಗೆಯ ನಾಟಕ. ಏಳೂವರೆಗೆ ಮನೆಯಲ್ಲಿ ಜ್ವರದ ಸಿರಪ್ ಕುಡಿಸಿ, ಮೈ ತಣ್ಣಗಾದ ಮೇಲೆ 'ನಿನ್ನೆ ಸ್ವಲ್ಪ ಬೆಚ್ಚಗಿತ್ತು ಅಷ್ಟೇ' ಅಂತ ಬಿಟ್ಟು ಓಡೋ ತಂದೆ ತಾಯಿ ಎಲ್ಲಾ ಊರಲ್ಲೂ ಇದಾರೆ. ಔಷಧಿಯ ಬಲ ನಾಲ್ಕರಿಂದ ಆರು ಗಂಟೆ, ಹನ್ನೆರಡರ ಹೊತ್ತಿಗೆ ಜ್ವರ ಮತ್ತೆ ಏರುತ್ತೆ. ಅಕ್ಕ ಬಾಗಿಲಲ್ಲೇ ಮಗುವಿನ ಬಾಯಿ ಹತ್ರ ಬಗ್ಗಿ ಮೂಸಿ ನೋಡ್ತಾರೆ. ಸ್ಟ್ರಾಬೆರಿ ವಾಸನೆ ಬಂದ್ರೆ "ಎಷ್ಟು ಗಂಟೆಗೆ ಹಾಕಿದ್ರಿ?" ಅಂತ ಮಾತ್ರ ಕೇಳ್ತಾರೆ, ಬೈಯೋದಿಲ್ಲ. ಮೆಲ್ಲಗೆ ಮಗುವನ್ನ ವಾಪಸ್ ಕೈಗೆ ಕೊಡ್ತಾರೆ. ಬೈದಿದ್ರೇ ವಾಸಿ ಅನ್ನಿಸುತ್ತೆ.

ಜ್ವರ ಬಂದಾಗ ಫಿಟ್ಸ್ ಬರೋ ಒಂದು ಮಗು ಅಲ್ಲಿದೆ. ಆರು ತಿಂಗಳಿಂದ ಐದು ವರ್ಷದೊಳಗಿನ ಕೆಲವು ಮಕ್ಕಳಿಗೆ ಹೀಗಾಗುತ್ತೆ, ನೋಡಿದವರ ಜೀವ ಹೋಗುತ್ತೆ. ಅದಕ್ಕೇ ಅಡುಗೆಮನೆಯ ಕ್ಯಾಲೆಂಡರ್ ಪಕ್ಕ ದಪ್ಪಕ್ಷರದಲ್ಲಿ ಬರೆದು ಅಂಟಿಸಿದ್ದಾರೆ: ಮಗ್ಗುಲಿಗೆ ಮಲಗಿಸು, ಬಾಯಿಗೆ ಏನೂ ತುರುಕಬೇಡ, ಬೀಗದ ಕೈ ಹಿಡಿಸಬೇಡ, ಗಡಿಯಾರ ನೋಡು, 5 ನಿಮಿಷ ದಾಟಿದ್ರೆ 108. ಓದು ಅಷ್ಟಾಗಿ ಬರದ ಆಯಾ ಕೂಡ ಇದನ್ನ ಬಾಯಿಪಾಠ ಒಪ್ಪಿಸ್ತಾಳೆ.

ಈಗ ನನ್ನ ತಕರಾರು. ಕಳೆದ ಮಳೆಗಾಲದಲ್ಲಿ ಒಂದು ಮಗುವಿನ ಅಂಗೈ, ಅಂಗಾಲು, ಬಾಯಲ್ಲಿ ಗುಳ್ಳೆ ಎದ್ದವು, ಹ್ಯಾಂಡ್ ಫುಟ್ ಮೌತ್. ಅದೇ ಸಂಜೆ ಅಕ್ಕ ಮಗುವಿನ ಹೆಸರು ಹೇಳದೆ ಎಲ್ಲರಿಗೂ ತಿಳಿಸಿದ್ರು, ಆಟಿಕೆ ಎಲ್ಲಾ ಸೋಪು, ಬ್ಲೀಚಿಂಗ್ ನೀರಲ್ಲಿ ತೊಳೆದ್ರು. ಈ ವೈರಸ್ಸಿಗೆ ಸ್ಯಾನಿಟೈಸರ್ ಸಾಲದು ಅಂತ ಸೋಪಲ್ಲೇ ಕೈ ತೊಳೆಸಿದ್ರು. ಇದೆಲ್ಲ ಸರಿ. ಆದರೆ ನನ್ನ ಮಗಳಿಗೂ ಬಂದು, ಜ್ವರ ಬಿಟ್ಟು, ಗುಳ್ಳೆ ಒಣಗಿ, ಡಾಕ್ಟರೇ ಕಳಿಸಬಹುದು ಅಂತ ಬರೆದುಕೊಟ್ಟ ಮೇಲೂ ವಾರ ತುಂಬೋವರೆಗೆ ಸೇರಿಸಲಿಲ್ಲ. ಈ ವೈರಸ್ ವಾರಗಟ್ಟಲೆ ಮಲದಲ್ಲಿ ಹೋಗ್ತಾನೇ ಇರುತ್ತೆ. ಪೂರ್ತಿ ಹೋಗಲಿ ಅಂತ ಕಾಯೋದಾದ್ರೆ ವಾರವೂ ಸಾಲದು. ಜ್ವರ ಬಿಟ್ಟು ಮಗು ಉಣ್ತಾ ಆಡ್ತಾ ಇದ್ದರೆ ಸಾಕು, ಮಿಕ್ಕಿದ್ದನ್ನ ಡಯಾಪರ್ ಬದಲಿಸಿದ ಕೈ ತೊಳೆಯೋದರಲ್ಲಿ ನೋಡ್ಕೋಬೇಕು. ನನ್ನ ರಜೆ ಅವರ ಹೆದರಿಕೆಗೆ ಹೋಯ್ತು. ಆ ದಿನಗಳ ಫೀಸನ್ನೂ ಕಳೀಲಿಲ್ಲ.

ಇನ್ನೊಂದು. ಆಯಾ ಮೂರು ಗಂಟೆಗೆ ಮನೆಗೆ ಹೋಗ್ತಾಳೆ. ಆಮೇಲೆ ಯಾವುದಾದ್ರೂ ಮಗುವಿಗೆ ವಾಂತಿ ಭೇದಿ ಶುರುವಾದ್ರೆ ಅಕ್ಕ ಅದರ ಜೊತೆಗೇ ಕೂತು 200 ಎಂಎಲ್ ನೀರಿಗೆ ಒಂದು ಸಣ್ಣ ಓಆರ್‌ಎಸ್ ಪ್ಯಾಕೆಟ್ ಕದಡಿ ಗುಟುಕು ಗುಟುಕಾಗಿ ಕುಡಿಸ್ತಾರೆ, ಉಳಿದವಕ್ಕೆ ಟಿವಿಯೇ ಗತಿ. ಒಬ್ಬರನ್ನ ಸಂಜೆವರೆಗೆ ಇಟ್ಟುಕೊಳ್ಳಿ, ಬೇಕಾದ್ರೆ ಫೀಸು ಸ್ವಲ್ಪ ಜಾಸ್ತಿ ಮಾಡಿ ಅಂತ ನಾವು ಕೆಲವರು ಹೇಳಿದ್ದೀವಿ. ನೋಡೋಣ ಅಂದಿದ್ದಾರೆ.

ಫ್ರಿಜ್‌ನಲ್ಲಿ ಆ್ಯಂಟಿಬಯಾಟಿಕ್ ಬಾಟಲಿ ದೋಸೆ ಹಿಟ್ಟಿನ ಪಾತ್ರೆಗೆ ಒರಗಿ ನಿಂತಿರ್ತಿತ್ತು. ಹೇಳಿದ ಮೇಲೆ ಮುಚ್ಚಳದ ಡಬ್ಬಿ ಬಂತು. ಆದ್ರೂ ಒಂದು ಉಪಾಯ: ದಿನಕ್ಕೆ ಎರಡೇ ಸಲ ಕೊಡೋ ಔಷಧಿ ಇದೆಯಾ ಅಂತ ಡಾಕ್ಟರನ್ನ ಕೇಳಿ. ಇದ್ದರೆ ಬೆಳಿಗ್ಗೆ, ರಾತ್ರಿ ಮನೆಯಲ್ಲೇ ಮುಗಿಯುತ್ತೆ, ಚೀಟಿ ಸಹಿಯ ರಗಳೆಯೇ ಇರಲ್ಲ.

ಈಗ ಜಾಗ ಖಾಲಿ ಇಲ್ಲ. ಜೂನ್‌ನಲ್ಲಿ ಇಬ್ಬರು ಎಲ್‌ಕೆಜಿಗೆ ಹೋಗ್ತಾರೆ, ಆಗ ವಿಚಾರಿಸಬಹುದು. ಹೋಗುವಾಗ ತಾಯಿ ಕಾರ್ಡ್ ಮರೀಬೇಡಿ, ಲಸಿಕೆ ಪುಟ ನೋಡದೆ ಅಕ್ಕ ಒಳಗೆ ಕೂರೋಕೂ ಹೇಳಲ್ಲ. ಮುಕ್ಕಾಲು ಗಂಟೆಯೊಳಗೆ ಬಂದು ಮಗುವನ್ನ ಕರ್ಕೊಂಡು ಹೋಗೋ ಇನ್ನೊಬ್ಬರ ನಂಬರೂ ಬೇಕು. ಭದ್ರಾವತಿಯ ಗಂಡನ ನಂಬರ್ ಕೊಟ್ಟರೆ ಹೊಡೆದು ಹಾಕಿ ಬೇರೆ ಕೇಳ್ತಾರೆ. ನಮ್ಮದರಲ್ಲಿ ಈಗ ಅತ್ತೆಯ ನಂಬರ್ ಇದೆ.